ಹೈಬ್ರಿಡ್ ಕಾರಲ್ಲಿ ಮೈಲೇಜ್ ಬರ್ಬೇಕಾ? ಇವಿ ಲೈಟ್ ಬಿಡಿ, ಬ್ರೇಕ್ ಕಡೆ ನೋಡಿ

ನಮ್ಮ ಭಾವ ಹೋದ ವರ್ಷ ಹೈಬ್ರಿಡ್ ಕಾರು, ಅಂದ್ರೆ ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ, ಕರೆಂಟ್ ಮೋಟರೂ ಇರೋ ಕಾರು ತಗೊಂಡ್ರು. ಬನಶಂಕರಿಯಿಂದ ಬೆಳ್ಳಂದೂರಿಗೆ ದಿನಾ ಆಫೀಸು, ಮಧ್ಯೆ ಸಿಲ್ಕ್ ಬೋರ್ಡು, ಆಮೇಲೆ ಔಟರ್ ರಿಂಗ್ ರೋಡು, ಇಂಥ ರೂಟಿಗೆ ಹೈಬ್ರಿಡ್ ಹೇಳಿ ಮಾಡಿಸಿದ ಹಾಗಿರತ್ತೆ ಅಂತ ನಾನೇ ಹೇಳಿದ್ದೆ. ಎರಡು ತಿಂಗಳಾದ್ಮೇಲೆ ಫೋನ್ ಮಾಡಿ, "ಹದಿನೇಳು ಕೊಡ್ತಿದೆ ಕಣೋ, ಇಷ್ಟಕ್ಕೆ ಇಷ್ಟೊಂದು ದುಡ್ಡು ಕೊಡ್ಬೇಕಿತ್ತಾ?" ಅಂದ್ರು. ಒಂದು ಮಂಗಳವಾರ ಬೆಳಿಗ್ಗೆ ಅವ್ರ ಪಕ್ಕ ಕೂತ್ಕೊಂಡು ಹೋದೆ. ಅರ್ಧ ದಾರೀಲೇ ವಿಷಯ ಗೊತ್ತಾಯ್ತು. ಇಂಜಿನ್ ಆಫ್ ಆಗಿ ಬರೀ ಮೋಟರಲ್ಲಿ ಓಡೋವಾಗ ಡ್ಯಾಶ್‌ಬೋರ್ಡಲ್ಲಿ ಹತ್ತೋ ಹಸಿರು ಇವಿ ಲೈಟ್ ಆರಬಾರದು ಅಂತ ಕಾರನ್ನ ನಡ್ಕೊಂಡು ಹೋಗೋ ಸ್ಪೀಡಲ್ಲಿ ಓಡಿಸ್ತಿದ್ರು, ಹಿಂದಿನವ್ರು ಹಾರ್ನ್ ಹೊಡೆದ ತಕ್ಷಣ ಗಾಬರಿಯಾಗಿ ಜೋರಾಗಿ ಒತ್ತೋದು, ಮುಂದೆ ಸಿಗ್ನಲ್ ಕೆಂಪಾಗಿದ್ರೂ ಅಲ್ಲಿವರೆಗೂ ಹೋಗಿ ಗಪ್ ಅಂತ ಬ್ರೇಕ್ ಹಾಕೋದು. ಕಾರಲ್ಲಿ ಏನೂ ತೊಂದ್ರೆ ಇರ್ಲಿಲ್ಲ.

ಏನು ಬದಲಾಯಿಸ್ಬೇಕು ಅಂತ ಹೇಳೋಕೆ ಮುಂಚೆ ಒಂದು ವಿಷಯ ತಲೇಲಿ ಕೂರ್ಬೇಕು. ಪ್ಲಗ್ ಹಾಕಿ ಚಾರ್ಜ್ ಮಾಡದೇ ಇರೋ ಹೈಬ್ರಿಡ್‌ನಲ್ಲಿ ಕರೆಂಟ್ ಹೊರಗಿಂದ ಬರಲ್ಲ. ಬ್ಯಾಟರೀಲಿರೋ ಪ್ರತಿ ಚೂರು ಕರೆಂಟೂ ನೀವು ಬಂಕಲ್ಲಿ ಹಾಕ್ಸಿದ ಪೆಟ್ರೋಲಿಂದಾನೇ ಬಂದಿರೋದು, ಒಂದೋ ಇಂಜಿನ್ ನೇರವಾಗಿ ತುಂಬಿಸಿರತ್ತೆ, ಇಲ್ಲ ಇಂಜಿನ್ ಕೊಟ್ಟ ಓಟವನ್ನ ಬ್ರೇಕ್ ಒತ್ತಿದಾಗ ಮೋಟರ್ ವಾಪಸ್ ಹಿಡಿದಿರತ್ತೆ. ಬ್ಯಾಟರಿಯೂ ತೀರಾ ಚಿಕ್ಕದು. ಟೊಯೋಟ ಹೈರೈಡರ್, ಅದ್ರ ಜೋಡಿ ಮಾರುತಿ ಗ್ರ್ಯಾಂಡ್ ವಿಟಾರಾ, ಎರಡೂ ನಮ್ಮ ಬಿಡದಿ ಫ್ಯಾಕ್ಟರೀಲೇ ತಯಾರಾಗೋದು, ಅವುಗಳ ಸ್ಟ್ರಾಂಗ್ ಹೈಬ್ರಿಡ್ ಮಾಡೆಲಲ್ಲಿ ಬ್ಯಾಟರಿ 0.76 ಯೂನಿಟ್ ಅಷ್ಟೇ. ಬೆಸ್ಕಾಂ ಬಿಲ್ಲಲ್ಲಿ ಬರತ್ತಲ್ಲ, ಅದೇ ಯೂನಿಟ್, ಅದ್ರಲ್ಲಿ ಒಂದು ಪೂರ್ತಿನೂ ಇಲ್ಲ. ಅದು ನೀರು ತುಂಬಿಡೋ ಟ್ಯಾಂಕ್ ಅಲ್ಲ, ತುಂಬ್ತಾ ಖಾಲಿಯಾಗ್ತಾ ಇರೋ ಚೆಂಬು. ಹಾಗಾಗಿ "ಇವಿ ಮೋಡಲ್ಲಿ ಎಷ್ಟು ದೂರ ಹೋದೆ" ಅನ್ನೋದು ನೋಡ್ಬೇಕಾದ ಲೆಕ್ಕ ಅಲ್ಲವೇ ಅಲ್ಲ. ಬ್ರೇಕಲ್ಲಿ ಎಷ್ಟು ವಾಪಸ್ ಬಂತು ಅನ್ನೋದೇ ಲೆಕ್ಕ.

ಇನ್ನೊಂದು ಮಾತು, ಇಲ್ಲಿ ಹೇಳ್ತಿರೋದೆಲ್ಲ ಸ್ಟ್ರಾಂಗ್ ಹೈಬ್ರಿಡ್‌ಗೆ, ಅಂದ್ರೆ ಇಂಜಿನ್ ಆಫ್ ಮಾಡ್ಕೊಂಡು ಬರೀ ಮೋಟರಲ್ಲಿ ಓಡಬಲ್ಲ ಗಾಡಿಗೆ. ಹೈರೈಡರ್, ಇನೋವಾ ಹೈಕ್ರಾಸ್, ಹೋಂಡಾ ಸಿಟಿ ಹೈಬ್ರಿಡ್ ತರದವು. ಬರೀ ಮೈಲ್ಡ್ ಹೈಬ್ರಿಡ್ ಆಗಿದ್ರೆ ಇಂಜಿನ್‌ಗೆ ಸ್ವಲ್ಪ ಸಹಾಯ ಸಿಗತ್ತೆ ಅಷ್ಟೇ, ಇಲ್ಲಿರೋ ಅರ್ಧ ಮಾತು ಅದಕ್ಕೆ ಅನ್ವಯಿಸಲ್ಲ.

ಮೊದಲ ಹೆಜ್ಜೆ ಅಳತೆ. ಮೀಟರಲ್ಲಿ ಬರೋ ನಂಬರ್ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿನೇ ತೋರ್ಸತ್ತೆ. ಆಟೋ ಕಟ್ ಆಗೋವರೆಗೂ ಫುಲ್ ಟ್ಯಾಂಕ್ ಮಾಡ್ಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮುಂದಿನ ಸಲ ಅದೇ ಬಂಕಲ್ಲಿ ಅದೇ ತರ ಆಟೋ ಕಟ್‌ವರೆಗೂ ಹಾಕ್ಸಿ, ಓಡಿದ ಕಿಲೋಮೀಟರನ್ನ ಹಾಕ್ಸಿದ ಲೀಟರಿಂದ ಭಾಗಿಸಿ. ಒಂದು ಸಲ ಸಾಕಾಗಲ್ಲ, ಮೂರು ಟ್ಯಾಂಕ್ ಸರಾಸರಿ ತಗೊಳ್ಳಿ. ಹೈರೈಡರ್ ಬ್ರೋಷರಲ್ಲಿರೋ ಲೀಟರಿಗೆ 27.97 ಕಿಲೋಮೀಟರ್ ಅನ್ನೋದು ಲ್ಯಾಬಲ್ಲಿ ರೋಲರ್ ಮೇಲೆ ಓಡಿಸಿ ಬಂದಿದ್ದು, ಎಲ್ಲಾ ಕಾರುಗಳನ್ನೂ ಒಂದೇ ತಕ್ಕಡೀಲಿ ತೂಗೋಕೆ ಇರೋ ಅಂಕಿ ಅದು. ನೀವು ಹೋಲಿಸ್ಬೇಕಾಗಿರೋದು ನಿಮ್ಮ ಹೋದ ತಿಂಗಳ ನಂಬರ್ ಜೊತೆ. ಮೈಲೇಜ್ ಕಮ್ಮಿ ಬರೋಕೆ ಇನ್ನೊಂದು ಕಾರಣ ಪೆಟ್ರೋಲಲ್ಲೇ ಇದೆ, ಈಗ ಬಂಕಲ್ಲಿ ಸಿಗ್ತಿರೋದು 20 ಪರ್ಸೆಂಟ್ ಎಥೆನಾಲ್ ಸೇರಿರೋದು, ಎಥೆನಾಲಲ್ಲಿ ಲೀಟರಿಗೆ ಶಕ್ತಿ ಪೆಟ್ರೋಲಿಗಿಂತ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಕಮ್ಮಿ, ಅಂದ್ರೆ ಒಟ್ಟು ಲೀಟರಲ್ಲಿ ಶಕ್ತಿ ಆರೇಳು ಪರ್ಸೆಂಟ್ ಕಡಿಮೆ. ಅದು ನಿಮ್ಮ ಕಾಲಿನ ತಪ್ಪಲ್ಲ.

ಆಮೇಲೆ ಟೈರು. ಡ್ರೈವರ್ ಡೋರ್ ತೆಗೆದ್ರೆ ಪಿಲ್ಲರ್ ಮೇಲೆ ಸ್ಟಿಕರ್ ಇರತ್ತೆ, ಅದ್ರಲ್ಲಿರೋ ಪ್ರೆಷರ್ ಟೈರ್ ತಣ್ಣಗಿದ್ದಾಗಿಂದು, ಹತ್ತು ಕಿಲೋಮೀಟರ್ ಓಡಿಸ್ಕೊಂಡು ಹೋಗಿ ಚೆಕ್ ಮಾಡ್ಸಿದ್ರೆ ಬಿಸಿಗೆ ಜಾಸ್ತಿ ತೋರ್ಸತ್ತೆ, ಗಾಳಿ ಹಾಕೋ ಹುಡುಗ ಅದನ್ನ ಇಳಿಸಿ ಕಳಿಸ್ತಾನೆ, ನೀವು ಕಮ್ಮಿ ಗಾಳೀಲಿ ತಿಂಗಳೆಲ್ಲ ಓಡಿಸ್ತೀರ. ಎರಡು ವಾರಕ್ಕೊಮ್ಮೆ ಬೆಳಿಗ್ಗೆ ಮನೆ ಹತ್ರದ ಬಂಕಲ್ಲೇ ನೋಡ್ಸಿ. ಇಂಜಿನ್ ಆಯಿಲ್ ಮ್ಯಾನ್ಯುಯಲಲ್ಲಿ ಹೇಳಿರೋ ಗ್ರೇಡೇ ಹಾಕ್ಸಿ, ಹೈಬ್ರಿಡ್ ಇಂಜಿನ್‌ಗಳಿಗೆ ತೆಳು ಆಯಿಲೇ ಬೇಕು, ಹೊರಗಡೆ ಗ್ಯಾರೇಜಲ್ಲಿ "ದಪ್ಪ ಆಯಿಲ್ ಒಳ್ಳೇದು ಸಾರ್" ಅಂದ್ರೆ ಒಪ್ಕೋಬೇಡಿ.

ಬೆಳಿಗ್ಗೆ ಸ್ಟಾರ್ಟ್ ಮಾಡೋದು. ಡ್ಯಾಶ್‌ಬೋರ್ಡಲ್ಲಿ ರೆಡಿ ಅಂತ ಬಂದ್ಮೇಲೆ ಹೊರಡಿ, ನಿಂತ್ಕೊಂಡು ಬಿಸಿ ಮಾಡೋ ಹಳೇ ಅಭ್ಯಾಸ ಬೇಡ. ಮೊದಲ ಕೆಲವು ನಿಮಿಷ ಬ್ಯಾಟರಿ ಇದ್ರೂ ಇಂಜಿನ್ ಓಡ್ತಾನೇ ಇರತ್ತೆ, ತಾನೂ ಬಿಸಿಯಾಗ್ಬೇಕು, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರನ್ನೂ ಬಿಸಿ ಮಾಡ್ಬೇಕು. ಹಾಗಾಗಿ ಹಾಲಿಗೆ ಒಂದು ಸಲ, ತರಕಾರಿಗೆ ಒಂದು ಸಲ, ಮಕ್ಕಳ ಟ್ಯೂಷನ್‌ಗೆ ಒಂದು ಸಲ ಅಂತ ಎರಡೆರಡು ಕಿಲೋಮೀಟರ್ ಓಡಿಸೋರಿಗೆ ಹೈಬ್ರಿಡಲ್ಲೂ ಮೈಲೇಜ್ ಬರಲ್ಲ. ಇಂಜಿನ್ ಬಿಸಿಯಾಗೋ ಹೊತ್ತಿಗೆ ಮನೆ ಬಂದಿರತ್ತೆ. ಕೆಲಸಗಳನ್ನ ಒಂದೇ ಸುತ್ತಲ್ಲಿ ಮುಗಿಸ್ಕೊಳ್ಳಿ.

ಈಗ ಆಕ್ಸಿಲರೇಟರ್. ಇಲ್ಲೇ ಎಲ್ಲರೂ ಎಡವೋದು. ನಿಧಾನಕ್ಕೆ, ಇನ್ನೂ ನಿಧಾನಕ್ಕೆ ಒತ್ತಿದ್ರೆ ಪೆಟ್ರೋಲ್ ಉಳಿಯತ್ತೆ ಅನ್ಕೊಳ್ತಾರೆ. ಈ ಕಾರುಗಳಲ್ಲಿರೋ ಅಟ್ಕಿನ್ಸನ್ ಸೈಕಲ್ ಅನ್ನೋ, ಪೆಟ್ರೋಲ್ ಉಳಿಸೋ ತರದ ಇಂಜಿನ್ನು ಮಧ್ಯಮ ಲೋಡಲ್ಲಿ, ಅಂದ್ರೆ ಹದವಾಗಿ ದುಡಿಸಿದಾಗ, ತುಂಬಾ ಚೆನ್ನಾಗಿ ಕೆಲಸ ಮಾಡತ್ತೆ, ತೀರಾ ಕಮ್ಮಿ ಲೋಡಲ್ಲಿ ಅದಕ್ಕೂ ನಷ್ಟನೇ. ತೆವಳ್ತಾ ಹೋಗಿ ಬ್ಯಾಟರಿ ಖಾಲಿ ಮಾಡಿದ್ರೆ ಆಮೇಲೆ ಸಿಗ್ನಲಲ್ಲಿ ನಿಂತಾಗ ಇಂಜಿನ್ ಎದ್ದು ಅದನ್ನ ತುಂಬಿಸ್ಬೇಕು, ಪೆಟ್ರೋಲ್ ಕರೆಂಟ್ ಆಗಿ ಆ ಕರೆಂಟ್ ಮತ್ತೆ ಓಟ ಆಗೋವಷ್ಟರಲ್ಲಿ ಪ್ರತಿ ಕೈ ಬದಲಾದಾಗ್ಲೂ ಸ್ವಲ್ಪ ಸೋರಿ ಹೋಗತ್ತೆ. ಹಾಗಾಗಿ ರೋಡ್ ಖಾಲಿ ಇದ್ರೆ ಧೈರ್ಯವಾಗಿ, ಡ್ಯಾಶ್‌ಬೋರ್ಡಲ್ಲಿ ಚಾರ್ಜ್, ಇಕೋ, ಪವರ್ ಅಂತ ಭಾಗಗಳಿರೋ ಮೀಟರಿನ ಮುಳ್ಳು ಇಕೋ ಭಾಗದ ಮೇಲ್ತುದೀಲಿ ಇರೋ ಹಾಗೆ ಒತ್ತಿ 45, 50ಕ್ಕೆ ಬನ್ನಿ. ಪವರ್ ಭಾಗಕ್ಕೆ ಹೋಗ್ಬೇಡಿ. ಬಂದ್ಮೇಲೆ ಕಾಲು ಒಂದು ಸಲ ಪೂರ್ತಿ ಎತ್ತಿ, ಇಂಜಿನ್ ಆಫ್ ಆಗತ್ತೆ, ಆಮೇಲೆ ತೆಳ್ಳಗೆ ಕಾಲಿಟ್ಟು ಮುಳ್ಳನ್ನ ಮಧ್ಯದ ಗೆರೆ ಹತ್ರ ಹಿಡ್ಕೊಳ್ಳಿ. ಉಯ್ಯಾಲೆ ತೂಗೋದು ಹೇಗೆ, ಒಂದು ಸಲ ಸರಿಯಾಗಿ ತಳ್ಳಿ ಕೈ ಬಿಡ್ತೀವಲ್ಲ, ಹಾಗೆ. ಇವಿ ಲೈಟ್ ಹತ್ತೋದು ಆರೋದು ಕಾರಿಗೆ ಬಿಟ್ಟಿದ್ದು.

ಇನ್ನು ಬ್ರೇಕು, ನಾನು ಜಾಸ್ತಿ ಹೇಳ್ಬೇಕಾಗಿರೋದು ಇದನ್ನೇ. ಜನ ಕೂತಿರೋ ಕಾರು 1350 ಕಿಲೋ ಅಂತಿಟ್ಕೊಳ್ಳಿ, 50ರ ಸ್ಪೀಡಲ್ಲಿ ಅದ್ರೊಳಗಿರೋ ಓಟದ ಶಕ್ತಿ ಸುಮಾರು 0.036 ಯೂನಿಟ್. ಕೇಳೋಕೆ ಏನೂ ಅಲ್ಲ ಅನ್ಸತ್ತೆ. ಆದ್ರೆ ಒಂದು ಲೀಟರ್ ಪೆಟ್ರೋಲಲ್ಲಿ ಒಂಬತ್ತು ಯೂನಿಟ್ ಹತ್ರ ಶಕ್ತಿ ಇದ್ರೂ ಇಂಜಿನ್ ಅದ್ರಲ್ಲಿ ಮೂರು, ಮೂರೂವರೆ ಮಾತ್ರ ಚಕ್ರಕ್ಕೆ ಕೊಡತ್ತೆ ಅಂತ ಲೆಕ್ಕ ಹಾಕಿದ್ರೆ, 50ರಿಂದ ಒಂದು ಸಲ ಪೂರ್ತಿ ನಿಲ್ಲೋದು ಅಂದ್ರೆ ಹತ್ತು ಎಂಎಲ್‌ಗಿಂತ ಜಾಸ್ತಿ ಪೆಟ್ರೋಲ್, ಎರಡು ಟೀ ಚಮಚ. ಮನೆಯಿಂದ ಆಫೀಸಿಗೆ ಮೂವತ್ತು ಸಲ ಹಾಗೆ ನಿಂತ್ರೆ ಒಂದು ಲೋಟಕ್ಕಿಂತ ಜಾಸ್ತಿ ಪೆಟ್ರೋಲನ್ನ ಬ್ರೇಕ್ ಡಿಸ್ಕ್ ಬಿಸಿ ಮಾಡೋಕೆ ಸುರಿದ ಹಾಗೆ. ಮಾಮೂಲಿ ಕಾರಲ್ಲಿ ಅದು ಹೋಯ್ತು, ಹೈಬ್ರಿಡಲ್ಲಿ ಅದ್ರ ಒಳ್ಳೆ ಪಾಲು ವಾಪಸ್ ತಗೋಬೋದು, ಒಂದೇ ಷರತ್ತು, ಮೋಟರಿಗೆ ಟೈಮ್ ಕೊಡ್ಬೇಕು. ಚಿಕ್ಕ ಬ್ಯಾಟರಿ ಒಂದು ಮಿತಿಗಿಂತ ಜೋರಾಗಿ ಕರೆಂಟ್ ನುಂಗಲ್ಲ. ಗಪ್ ಅಂತ ಒತ್ತಿದ್ರೆ ಮಿತಿ ದಾಟಿದ್ದೆಲ್ಲ ಮಾಮೂಲಿ ಬ್ರೇಕ್ ಪ್ಯಾಡಿಗೆ ಹೋಗತ್ತೆ, ಬಿಸಿಯಾಗಿ ಹಾರಿ ಹೋಗತ್ತೆ.

ಹಾಗಾದ್ರೆ ಮಾಡೋದು ಹೇಗೆ? ಮುಂದಿನ ಕಾರಿನ ಬಂಪರ್ ನೋಡ್ಬೇಡಿ, ಅದ್ರಾಚೆ ನಾಲ್ಕೈದು ಗಾಡಿಗಳ ಬ್ರೇಕ್ ಲೈಟ್ ನೋಡಿ. ದೂರದಲ್ಲಿ ಕೆಂಪು ಕಂಡ ತಕ್ಷಣ ಕಾಲು ಎತ್ತಿ, ಕಾರು ತಾನಾಗೇ ಸ್ವಲ್ಪ ಸ್ವಲ್ಪ ಚಾರ್ಜ್ ಮಾಡ್ತಾ ನಿಧಾನ ಆಗತ್ತೆ. ಆಮೇಲೆ ಬ್ರೇಕನ್ನ ಬೇಗ ಶುರು ಮಾಡಿ, ಹಗುರಾಗಿ ಒತ್ತಿ, ಉದ್ದಕ್ಕೆ ಹಿಡ್ಕೊಳ್ಳಿ, ಮುಳ್ಳು ಚಾರ್ಜ್ ಭಾಗದ ಕೊನೆ ಮುಟ್ಟದ ಹಾಗೆ. ಮುಟ್ಟಿ ನಿಂತ್ರೆ ಪ್ಯಾಡ್ ಕೆಲಸ ಮಾಡ್ತಿದೆ ಅಂತ ತಿಳ್ಕೊಳ್ಳಿ. ಹೋಂಡಾ ಸಿಟಿ ಹೈಬ್ರಿಡಲ್ಲಿ ಸ್ಟೀರಿಂಗ್ ಹಿಂದೆ ಪ್ಯಾಡಲ್ ಇದೆ, ಕಾಲು ಎತ್ತಿದಾಗ ಎಷ್ಟು ಜೋರಾಗಿ ಹಿಡೀಬೇಕು ಅಂತ ಅದ್ರಲ್ಲೇ ಹೊಂದಿಸ್ಬೋದು. ಬೆಂಗಳೂರಲ್ಲಿ ಗ್ಯಾಪ್ ಬಿಟ್ರೆ ಆಟೋ ನುಗ್ಗತ್ತೆ, ಬೈಕ್ ನುಗ್ಗತ್ತೆ ನಿಜ. ನುಗ್ಲಿ, ಮತ್ತೆ ಸ್ವಲ್ಪ ಗ್ಯಾಪ್ ಬಿಡಿ. ಭಾವನಿಗೆ ಒಂದು ವಾರ ಇದು ಕಷ್ಟ ಆಯ್ತು, ಆಮೇಲೆ ಅಭ್ಯಾಸ ಆಯ್ತು, ಬೇರೆ ಏನೂ ಬದಲಾಯಿಸದೆ ಮೂರನೇ ಟ್ಯಾಂಕಿಗೆ ಇಪ್ಪತ್ತೊಂದು ಮುಟ್ಟಿದ್ರು. ಅತ್ತಿಗೆಗೆ ಮೈಲೇಜಿನ ಚಿಂತೆ ಇರ್ಲಿಲ್ಲ, ಪಕ್ಕದ ಸೀಟಲ್ಲಿ ಮುಂದಕ್ಕೆ ಜೋಲಿ ಹೊಡೆಯೋದು ನಿಂತಿದ್ದೇ ಅವ್ರಿಗೆ ಖುಷಿ.

ಸಿಗ್ನಲಲ್ಲಿ ನಿಂತಾಗ ನ್ಯೂಟ್ರಲ್ ಹಾಕೋ ಅಭ್ಯಾಸ ಇದ್ರೆ ಬಿಟ್ಬಿಡಿ. ಟೊಯೋಟ ಹೈಬ್ರಿಡ್‌ಗಳಲ್ಲಿ ನ್ಯೂಟ್ರಲಲ್ಲಿ ಬ್ಯಾಟರಿ ಚಾರ್ಜ್ ಆಗಲ್ಲ, ಗೇರನ್ನ ಡಿ, ಅಂದ್ರೆ ಡ್ರೈವ್ ಅಲ್ಲೇ ಇಟ್ಟು ಬ್ರೇಕ್ ಹಿಡ್ಕೊಳ್ಳಿ. ಇಳಿಜಾರಲ್ಲಂತೂ ನ್ಯೂಟ್ರಲ್ ಬೇಡವೇ ಬೇಡ, ಪುಕ್ಕಟೆ ಸಿಗೋ ಕರೆಂಟ್ ಕಳ್ಕೊಳ್ತೀರ, ಅಪಾಯ ಬೇರೆ.

ಎಸಿ ಕಂಪ್ರೆಸರ್ ಇಲ್ಲಿ ಕರೆಂಟಲ್ಲಿ ಓಡತ್ತೆ, ಇಂಜಿನ್ ಬೆಲ್ಟಲ್ಲಿ ಅಲ್ಲ. ಟ್ರಾಫಿಕಲ್ಲಿ ನಿಂತಾಗ ಇಂಜಿನ್ ಪದೇ ಪದೇ ಏಳ್ತಿದ್ರೆ ಬಹುತೇಕ ಎಸಿನೇ ಕಾರಣ. 18ಕ್ಕೆ ಇಡೋ ಬದಲು 24, 25ಕ್ಕೆ ಇಡಿ, ಒಳಗಿನ ಗಾಳಿನೇ ತಿರುಗೋ ಹಾಗೆ ಮಾಡಿ, ಬಿಸಿಲಲ್ಲಿ ನಿಂತಿದ್ದ ಕಾರಾದ್ರೆ ಮೊದಲು ಎರಡು ನಿಮಿಷ ಗಾಜು ಇಳಿಸಿ ಬಿಸಿ ಗಾಳಿ ಹೊರಗೆ ಹೋಗ್ಲಿ. ಹೈಬ್ರಿಡ್ ಬ್ಯಾಟರಿ ತಣ್ಣಗಾಗೋಕೆ ಸೀಟ್ ಹತ್ರ ಜಾಲರಿ ತರದ ಗಾಳಿಕಂಡಿ ಇದ್ರೆ ಅದ್ರ ಮೇಲೆ ಬ್ಯಾಗು, ಹೊದಿಕೆ ಇಡ್ಬೇಡಿ, ಸರ್ವೀಸಲ್ಲಿ ಅದ್ರ ಧೂಳು ತೆಗೆಸಿ.

ಹೈವೇ ಬಗ್ಗೆ ಹೇಳೋದು ಕಮ್ಮಿ. ಅಲ್ಲಿ ಬ್ರೇಕೇ ಇಲ್ಲ, ವಾಪಸ್ ಬರೋದೂ ಇಲ್ಲ, ಗಾಳಿ ಜೊತೆ ಗುದ್ದಾಟ ಅಷ್ಟೇ. 80ರಿಂದ 100ಕ್ಕೆ ಹೋದ್ರೆ ಗಾಳಿಯ ತಡೆ 56 ಪರ್ಸೆಂಟ್ ಜಾಸ್ತಿ ಆಗತ್ತೆ. ಸುಮಾರು 119 ಕಿಲೋಮೀಟರಿನ ಮೈಸೂರು ಎಕ್ಸ್‌ಪ್ರೆಸ್‌ವೇನ 100ರ ಬದಲು 80ರಲ್ಲಿ ಹೋದ್ರೆ ಲೆಕ್ಕಕ್ಕೆ 18 ನಿಮಿಷ ತಡ, ಅಷ್ಟು ಪುರುಸೊತ್ತು ಇದ್ರೆ ಎಡ ಲೇನಲ್ಲಿ ಹೋಗಿ. ಖಾಲಿ ಲಗೇಜ್ ಕ್ಯಾರಿಯರ್ ಮೇಲಿದ್ರೆ ಬಿಚ್ಚಿಡಿ.

ಕೊನೇದು ಘಾಟಿ, ಇಲ್ಲಿ ಮಾತ್ರ ಇವಿ ಬಟನ್‌ಗೆ, ಅಂದ್ರೆ ಕಾರನ್ನ ಬರೀ ಬ್ಯಾಟರೀಲಿ ಓಡಿಸೋ ಬಟನ್‌ಗೆ, ನಿಜವಾದ ಕೆಲಸ ಇದೆ. 1400 ಕಿಲೋ ಗಾಡಿ 700 ಮೀಟರ್ ಕೆಳಗಿಳಿದ್ರೆ ಎರಡೂವರೆ ಯೂನಿಟ್‌ಗಿಂತ ಜಾಸ್ತಿ ಶಕ್ತಿ ಬಿಡುಗಡೆಯಾಗತ್ತೆ, ನಿಮ್ಮ ಬ್ಯಾಟರಿ ಚೆಂಬು ಅದ್ರಲ್ಲಿ ಮೂರನೇ ಒಂದು ಭಾಗನೂ ಹಿಡಿಯಲ್ಲ. ಅದಕ್ಕೆ ಮಂಗಳೂರಿಗೆ ಹೊರಟಿದ್ರೆ, ನಿಮ್ಮ ಕಾರಲ್ಲಿ ಇವಿ ಬಟನ್ ಇದ್ರೆ, ಸಕಲೇಶಪುರದ ಊರೊಳಗೆ ನಿಧಾನಕ್ಕೆ ಹೋಗೋವಾಗ ಒತ್ತಿ ಬ್ಯಾಟರಿ ಆದಷ್ಟು ಇಳಿಸ್ಕೊಳ್ಳಿ, ಶಿರಾಡಿ ಇಳಿಯೋವಾಗ ತುಂಬಿಸ್ಕೊಳ್ಳೋಕೆ ಜಾಗ ಇರತ್ತೆ. ಇಳಿಜಾರು ಶುರುವಾದ್ಮೇಲೆ ಡಿ ಅಲ್ಲಿ ಹಗುರವಾಗಿ ಬ್ರೇಕ್ ಹಿಡೀತಾ ಹೋಗಿ, ಬ್ಯಾಟರಿ ತುಂಬೋಕೆ ಬಂದಾಗ ಗೇರನ್ನ ಬಿ, ಅಂದ್ರೆ ಇಂಜಿನ್ನಿಂದಾನೇ ಗಾಡಿ ಹಿಡಿಯೋ ಜಾಗಕ್ಕೆ ಹಾಕಿ. ಆಗ ಇಂಜಿನ್ ಗುಂಯ್ ಅಂತ ಜೋರಾಗಿ ಕೂಗತ್ತೆ, ಹೆದರ್ಬೇಡಿ, ಪೆಟ್ರೋಲ್ ಸುಡದೇನೇ ಬರೀ ತಿರುಗಿ ಗಾಡಿ ಹಿಡೀತಿರತ್ತೆ, ಬ್ರೇಕ್ ಪ್ಯಾಡ್ ಬಿಸಿಯಾಗದೆ ಉಳಿಯತ್ತೆ. ಸಿಟೀಲಿ ಬಿ ಹಾಕ್ಕೊಂಡು ಓಡಿಸಿದ್ರೆ ಮೈಲೇಜ್ ಜಾಸ್ತಿ ಬರಲ್ಲ. ಗುಂಡ್ಯ ಬಂದ್ಮೇಲೆ ಮರೀದೆ ಮತ್ತೆ ಡಿಗೆ ಹಾಕಿ, ನೆಲ್ಯಾಡಿ ಕಡೆ ಹೋಗ್ತಾ ತುಂಬಿರೋ ಬ್ಯಾಟರೀನ ಕಾರು ತಾನೇ ನೋಡ್ಕೊಂಡು ಖರ್ಚು ಮಾಡತ್ತೆ.