ಹಳೇ ಕಾರಿನ ಬಾಗಿಲು ಕೂಡುತ್ತಿಲ್ಲವೇ? ಪಾನಾ ಹಿಡಿಯುವ ಮೊದಲು ಟೇಪು ಹಿಡಿಯಿರಿ

ಎರಡು ಲಕ್ಷ ಕಿಲೋಮೀಟರ್ ದಾಟಿದ ಗಾಡಿಯಲ್ಲಿ ಬಾಗಿಲು ಮೆಲ್ಲಗೆ ತಳ್ಳಿದರೆ ಕೂಡುವುದಿಲ್ಲ, ಬಡಿದೇ ಹಾಕಬೇಕಾಗುತ್ತದೆ. ಬಾನೆಟ್ಟಿನ ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಉಗುರೂ ತೂರದಷ್ಟು ಕಿರಿದು. ಸ್ಟೇರಿಂಗ್ ಸಡಿಲ ಬಿಟ್ಟರೆ ಗಾಡಿ ಎಡಕ್ಕೆ ಎಳೆಯುತ್ತದೆ. ಗ್ಯಾರೇಜಿನಲ್ಲಿ ಮೂರಕ್ಕೂ ‘ಬಾಡಿ ಔಟ್ ಆಗಿದೆ’ ಎಂಬ ಒಂದೇ ಉತ್ತರ ಸಿಗುತ್ತದೆ. ನಿಜದಲ್ಲಿ ಕೆಟ್ಟಿರುವುದು ಬಿಜಾಗರಿ ಇರಬಹುದು, ಸಸ್ಪೆನ್ಷನ್ ಇರಬಹುದು, ಬಾಡಿಯ ಚೌಕಟ್ಟೇ ಇರಬಹುದು. ಮೂರರಲ್ಲಿ ಯಾವುದು ಎಂದು ಬೇರ್ಪಡಿಸುವುದೇ ಇಲ್ಲಿನ ಕೆಲಸ.

ಮೊದಲು ನೆಲ. ಫರಸಿ ಹಾಸಿದ ಅಂಗಳ ಅಥವಾ ಕಾಂಕ್ರೀಟ್ ನೆಲ ಬೇಕು. ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ನಾಲ್ಕೂ ಚಕ್ರ ನಿಲ್ಲುವ ಜಾಗ ಒಂದೇ ಮಟ್ಟದಲ್ಲಿದೆಯೇ ನೋಡಿಕೊಳ್ಳಿ. ಡಿಕ್ಕಿ ಖಾಲಿ ಮಾಡಿ, ಚಾಲಕನ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿರುವಷ್ಟೇ ಗಾಳಿ ಹಾಕಿಸಿ. ನಾಲ್ಕೂ ಮೂಲೆ ಒತ್ತಿ ಕುಣಿಸಿ ಬಿಡಿ, ಸ್ಪ್ರಿಂಗು ತನ್ನ ಜಾಗಕ್ಕೆ ಬರುತ್ತದೆ.

ಈಗ ಚಕ್ರದ ನಡುಬಿಂದುವಿನಿಂದ ನೇರ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಎಡ-ಬಲದ ವ್ಯತ್ಯಾಸ 10 ಮಿ.ಮೀ. ದಾಟಿದರೆ ಕುಸಿದ ಸ್ಪ್ರಿಂಗು ಅಥವಾ ಚಪ್ಪಟೆಯಾದ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಸೇರಿದ ಕಂಬಿ) ಮೌಂಟ್ ರಬ್ಬರಿನ ಮೇಲೆ ಮೊದಲ ಅನುಮಾನ ಇಡಿ. ಗಾಡಿ ವಾಲಿದೆ ಎಂದಮಾತ್ರಕ್ಕೆ ಬಾಡಿ ಬಾಗಿದೆ ಎಂದಲ್ಲ.

ಬಾಗಿಲಿಗೆ ಬನ್ನಿ. ಹೆಚ್ಚಿನ ತಪ್ಪು ನಡೆಯುವುದೇ ಇಲ್ಲಿ. ಬಾಗಿಲು ಒಂದು ಗೇಣು ತೆರೆದು, ಹಿಂಬದಿ ಅಂಚನ್ನು ಕೆಳಗಿನಿಂದ ಎತ್ತಿ ನೋಡಿ. ಎತ್ತುವಾಗ ಇನ್ನೊಬ್ಬರು ಬಿಜಾಗರಿಯ ಮೇಲೆ ಕಣ್ಣಿಟ್ಟಿರಲಿ. ಪಿನ್ನು ತನ್ನ ತೂತಿನಲ್ಲಿ ಅಲ್ಲಾಡಿದರೆ ಅದರ ಸುತ್ತಲಿನ ಬಳೆ, ಅಂದರೆ ಬುಷ್, ಸವೆದಿದೆ. ಬಿಜಾಗರಿಯ ತಗಡು ಬಾಗಿಲು ನೇತಿರುವ ಬಾಡಿಯ ಕಂಬದ ಮೇಲೆ ಜಾರಿದರೆ ಬೋಲ್ಟು ಸಡಿಲ. ಕಂಬದ ತಗಡೇ ಉಸಿರಾಡಿದಂತೆ ಒಳಹೊರಗಾದರೆ ಅಲ್ಲಿ ಸೀಳು ಬಿಟ್ಟಿದೆ ಅಥವಾ ತುಕ್ಕು ತಿಂದಿದೆ, ಅದು ವೆಲ್ಡಿಂಗ್ ಕೆಲಸ. ಬಿಜಾಗರಿಗಳ ನಡುವಿನ ಅಂತರ ಸುಮಾರು 40 ಸೆಂ.ಮೀ., ಬಾಗಿಲಿನ ಉದ್ದ ಸುಮಾರು 100 ಸೆಂ.ಮೀ. ಎಂದಿಟ್ಟುಕೊಂಡರೆ, ಮೇಲಿನ ಪಿನ್ನಿನಲ್ಲಿ 1 ಮಿ.ಮೀ. ಸಡಿಲವಿದ್ದರೂ ಹಿಂಬದಿ ಅಂಚು ಎರಡೂವರೆ ಮಿ.ಮೀ. ಜೋಲುತ್ತದೆ. ಲಾಕು ಕಚ್ಚದಿರಲು ಅಷ್ಟು ಸಾಕು.

ಜೋತ ಬಾಗಿಲಿಗೆ ಸ್ಟ್ರೈಕರ್ (ಬಾಗಿಲ ಲಾಕು ಕಚ್ಚಿಕೊಳ್ಳುವ, ಕಂಬದ ಮೇಲಿನ ಕೊಂಡಿ) ಕೆಳಗಿಳಿಸಿ ಕೊಡುವುದು ಸುಲಭ, ಆದರೆ ಅದು ಪರಿಹಾರವಲ್ಲ. ಬಾಗಿಲು ಜೋತೇ ಇರುತ್ತದೆ, ಮೇಲಿನ ರಬ್ಬರು ಒತ್ತುವುದಿಲ್ಲ, ಆರು ತಿಂಗಳಲ್ಲಿ ಮತ್ತೆ ಅದೇ ಪಾಡು. ಸ್ಟ್ರೈಕರಿನ ಸುತ್ತ ಮಾರ್ಕರಿನಿಂದ ಗೆರೆ ಎಳೆದು ಅದನ್ನು ಬಿಚ್ಚಿ, ಬಾಗಿಲನ್ನು ಮೆಲ್ಲಗೆ ಮುಚ್ಚಿ ನೋಡಿ. ಬಿಜಾಗರಿಗಳು ಬಾಗಿಲನ್ನು ನಿಜಕ್ಕೂ ಎಲ್ಲಿ ನಿಲ್ಲಿಸಿವೆ ಎಂಬುದು ಆಗ ಬಯಲಾಗುತ್ತದೆ. ಒಂದು ಎಚ್ಚರಿಕೆ: ಕೆಲವು ಗಾಡಿಗಳಲ್ಲಿ ಸ್ಟ್ರೈಕರಿನ ಹಿಂದೆ ನಟ್ಟಿನ ತಗಡು ಸಡಿಲವಾಗಿರುತ್ತದೆ. ಎರಡೂ ಸ್ಕ್ರೂ ಒಟ್ಟಿಗೆ ತೆಗೆದರೆ ಅದು ಕಂಬದೊಳಗೆ ಬೀಳಬಹುದು. ಒಂದು ಸ್ಕ್ರೂ ತೆಗೆದು, ಅದೇ ತೂತಿಗೆ ತೆಳ್ಳನೆ ತಂತಿ ಸಿಕ್ಕಿಸಿಕೊಂಡ ಮೇಲೆ ಎರಡನೆಯದನ್ನು ತೆಗೆಯಿರಿ.

ಸಂದು ಅಳೆಯಲು ಹಳೇ ಎಟಿಎಂ ಕಾರ್ಡುಗಳೇ ಸಾಕು. ಒಂದೊಂದೂ 0.76 ಮಿ.ಮೀ. ದಪ್ಪ, ಐದು ಸೇರಿದರೆ 3.8. ಸಂದಿನ ಮೇಲೆ, ನಡುವೆ, ಕೆಳಗೆ ಎಷ್ಟು ಕಾರ್ಡು ಕೂಡುತ್ತವೆ ಎಂದು ಬರೆದುಕೊಳ್ಳಿ. ಸಂದು ಒಟ್ಟಾರೆ ಅಗಲವಾಗಿದ್ದರೆ ಅದು ಜೋಡಣೆಯ ಮಾತು. ಮೇಲೆ ಒಂದು, ಕೆಳಗೆ ಒಂದು ಎಂದು ಓರೆಯಾಗಿ 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಏನೋ ಜರುಗಿದೆ. ಬಿಜಾಗರಿಯಲ್ಲಿ ಸಡಿಲವಿಲ್ಲ, ಆದರೂ ಸಂದು ಓರೆ ಎಂದರೆ ಚೌಕಟ್ಟನ್ನು ಪರೀಕ್ಷಿಸುವ ಸಮಯ ಬಂದಿದೆ.

ಆ ಪರೀಕ್ಷೆಗೆ ಒಂದು ಜಾಕ್ ಸಾಕು. ಬಾಗಿಲುಗಳನ್ನು ಮುಚ್ಚಿ, ಮುಂದಿನ ಜಾಕ್ ಪಾಯಿಂಟಿನಲ್ಲಿ ಒಂದು ಕಡೆ ಎತ್ತಿ. ಆ ಬದಿಯ ಬಾಗಿಲಿನ ಸಂದು ಮೊದಲಿದ್ದಂತೆಯೇ ಇರಬೇಕು, ಬಾಗಿಲು ಸಲೀಸಾಗಿ ತೆರೆಯಬೇಕು. ಸಂದು ಕಣ್ಣಿಗೆ ಕಾಣುವಷ್ಟು ಬದಲಾದರೆ, ಬಾಗಿಲು ತಿಕ್ಕಿದರೆ, ಬಾಗಿಲ ಕೆಳಗಿನ ಪಟ್ಟಿ ಅಥವಾ ಮುಂಗಂಬದ ಬುಡ ತುಕ್ಕಿನಿಂದ ಟೊಳ್ಳಾಗಿದೆ. ಖಾನಾಪುರ, ಬೆಳಗಾವಿ ಕಡೆಯ ಮಳೆಯಲ್ಲಿ ಓಡಿದ ಗಾಡಿಗಳಲ್ಲಿ ಇದನ್ನು ತಪ್ಪದೇ ನೋಡಿ: ಪಟ್ಟಿಯ ಅಡಿಯ ನೀರುತೂತುಗಳು ಕೆಸರಿನಿಂದ ಮುಚ್ಚಿ, ನೀರು ಒಳಗೇ ನಿಂತು ಕೊರೆಯುತ್ತದೆ. ಮೊಂಡ ಸ್ಕ್ರೂಡ್ರೈವರಿನಿಂದ ಒತ್ತಿ. ತಗಡು ಒಳಗೆ ಹೋದರೆ ಅಲ್ಲಿ ಜಾಕ್ ಹಾಕಬೇಡಿ. ಜಾಕ್ ಒಂದರ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ನುಸುಳಬೇಡಿ.

ವಿಜಯಪುರ, ಬಾಗಲಕೋಟೆ ಕಡೆಯ ಗಾಡಿಯಲ್ಲಿ ಧೂಳೇ ಸಾಕ್ಷಿ. ಒಂದು ವಾರ ಓಡಿಸಿ ಬಾಗಿಲು ತೆರೆದರೆ, ರಬ್ಬರು ಕೂಡದ ಜಾಗದಲ್ಲಿ ಧೂಳಿನ ಗೆರೆ ಒಳಕ್ಕೆ ಹರಿದಿರುತ್ತದೆ. ಅಲ್ಲಿ ಪೇಪರಿನ ಚೂರು ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ತಡೆಯಿಲ್ಲದೆ ಬಂದರೆ ಖಾತ್ರಿ.

ಬಾನೆಟ್ ತೆರೆದು ಅಡ್ಡಡ್ಡ ಅಳತೆ ಹಿಡಿಯಿರಿ: ಎಡ ಸ್ಟ್ರಟ್ ಬೋಲ್ಟಿನಿಂದ ಬಲಗಡೆ ರೇಡಿಯೇಟರ್ ಪಟ್ಟಿಯ ಒಂದು ತೂತಿಗೆ, ಬಲದಿಂದ ಎಡಕ್ಕೂ ಹಾಗೆಯೇ. ನಡುವಿನಿಂದ ನಡುವಿಗೆ ಹಿಡಿಯುವುದು ಕಷ್ಟವಾದರೆ, ಒಂದೇ ಅಳತೆಯ ತೂತುಗಳಲ್ಲಿ ಎರಡರ ಎಡ ಅಂಚಿನಿಂದ ಎಡ ಅಂಚಿಗೆ ಹಿಡಿಯಿರಿ, ಲೆಕ್ಕ ಅದೇ. 3 ಮಿ.ಮೀ. ಒಳಗಿನ ವ್ಯತ್ಯಾಸ ಬಿಡಬಹುದು. 5 ದಾಟಿದರೆ ಮುಂಭಾಗ ಎಂದೋ ಪೆಟ್ಟು ತಿಂದಿದೆ. ಬಣ್ಣ ಕಿತ್ತ ಬೋಲ್ಟು ತಲೆ, ಮುದುಡಿದ ತಗಡು, ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿಯದ ಪುಟ್ಟಿ ಇವನ್ನೂ ಹುಡುಕಿ. ಸ್ಟೆಪ್ನಿ ಎತ್ತಿ ಅದರ ಕೆಳಗಿನ ತಳವನ್ನೂ ನೋಡಿ.

ಇನ್ನು ಚಕ್ರಗಳು. ಸ್ಟೇರಿಂಗ್ ನೇರವಿಟ್ಟು, ನಾಲ್ಕೂ ಚಕ್ರದ ನಡುವಿನಿಂದ ತೂಕದ ಗುಂಡು ಇಳಿಬಿಟ್ಟು ನೆಲದ ಮೇಲೆ ಖಡುವಿನಿಂದ ಗುರುತು ಮಾಡಿ. ಮುಂದಿನಿಂದ ಹಿಂದಿನ ಗುರುತಿಗೆ ಎರಡೂ ಬದಿ ಅಳೆಯಿರಿ. ಹಳೇ ಇಂಡಿಕಾದಲ್ಲಿ ಇದು 2400 ಮಿ.ಮೀ. ಬರಬೇಕು, ಇನ್ನೋವಾದಲ್ಲಿ 2750. ಆ ಸಂಖ್ಯೆಗಿಂತಲೂ ಎಡ-ಬಲ ಸಮನಿರುವುದು ಮುಖ್ಯ. 6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೊದಲು ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮಿನ ರಬ್ಬರ್ ಬುಷ್ ಹರಿದಿದೆಯೇ ನೋಡಿ. ಕಬ್ಬಿನ ಟ್ರ್ಯಾಕ್ಟರುಗಳು ಕಿತ್ತ ಮುಧೋಳ, ಜಮಖಂಡಿ ಕಡೆಯ ತಗ್ಗುಗಳು ಮೊದಲು ತಿನ್ನುವುದು ಅದನ್ನೇ. ಬೊಲೆರೋ, ಸುಮೋದಂಥ ಗಾಡಿಗಳಲ್ಲಿ ಹಿಂದಿನ ಪಾಟಾದ (ಲೀಫ್ ಸ್ಪ್ರಿಂಗಿನ) ನಡುಬೋಲ್ಟು ತುಂಡಾಗಿ ಆಕ್ಸಲ್ ಸರಿದಿರಬಹುದು. ನೆಲಕ್ಕೆ ನೀರು ಚೆಲ್ಲಿ ಅದರ ಮೇಲೆ ನೇರ ಓಡಿಸಿ: ಹಿಂದಿನ ಟೈರಿನ ಗುರುತು ಮುಂದಿನದರಿಂದ ಎರಡೂ ಬದಿ ಸಮನಾಗಿ ಸರಿದಿರಬೇಕು.

ಚಾಸಿ ಬೇರೆ, ಬಾಡಿ ಬೇರೆ ಇರುವ ಬೊಲೆರೋ, ಸುಮೋದಂಥ ಗಾಡಿಗಳಲ್ಲಿ ಇವೆರಡರ ನಡುವಿನ ಮೌಂಟ್ ರಬ್ಬರು ಚಪ್ಪಟೆಯಾದರೂ ಬಾಗಿಲ ಸಂದು ಕೆಡುತ್ತದೆ. ಬದಲಿಸುವಾಗ ಎಡ-ಬಲ ಜೋಡಿಯಾಗಿ ಬದಲಿಸಿ. ಒಂದನ್ನೇ ಹಾಕಿದರೆ ಬಾಡಿ ತಿರುಚುತ್ತದೆ.

ಅಲೈನ್‌ಮೆಂಟ್ ಅಂಗಡಿಯಲ್ಲಿ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಮಾತ್ರ ಸರಿಮಾಡಿ ಕಳಿಸಲು ಬಿಡಬೇಡಿ, ಪೂರ್ತಿ ರಿಪೋರ್ಟು ಕೇಳಿ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲುಕೋನ) ಮತ್ತು ಎಸ್ಎಐ (ಚಕ್ರ ತಿರುಗುವ ಸ್ಟೇರಿಂಗ್ ಅಕ್ಷದ ವಾಲುಕೋನ) ಕೂಡಿಸಿದ ಮೊತ್ತ ಎರಡೂ ಬದಿ ಒಂದೇ ಇದ್ದು ಕ್ಯಾಂಬರ್ ಮಾತ್ರ ಬೇರೆ ಬಂದರೆ ಸ್ಟ್ರಟ್ ಕೂರುವ ಜಾಗ ಅಥವಾ ಆರ್ಮ್ ಹಿಡಿಯುವ ಜಾಗ ಜರುಗಿದೆ. ಮೊತ್ತವೇ ಬೇರೆ ಬಂದರೆ ಸ್ಟ್ರಟ್ ಅಥವಾ ನಕಲ್ (ಚಕ್ರದ ಹಬ್ ಹಿಡಿದಿರುವ ಭಾಗ) ಬಾಗಿದೆ, ಬಾಡಿಯನ್ನು ಎಳೆಸುವ ಅಗತ್ಯವಿಲ್ಲ.

ರಿಪೇರಿಯ ಕ್ರಮ ತಪ್ಪಿಸಬೇಡಿ. ತುಕ್ಕು ಮತ್ತು ಚೌಕಟ್ಟು ಮೊದಲು, ಆಮೇಲೆ ಬುಷ್, ಸ್ಪ್ರಿಂಗು, ಮೌಂಟು. ನಂತರ ಬಿಜಾಗರಿ, ಹೊಸದು ಸಿಗದಿದ್ದರೆ ಬೆಳಗಾವಿಯ ಉದ್ಯಮಬಾಗದಂಥ ಕಡೆ ಲೇತಿನಲ್ಲಿ ಹಿತ್ತಾಳೆ ಬುಷ್ ಮತ್ತು ಪಿನ್ನು ಕಡೆಸಿಕೊಳ್ಳಬಹುದು. ಅಲೈನ್‌ಮೆಂಟ್ ಇಷ್ಟೆಲ್ಲ ಆದಮೇಲೆ. ಸ್ಟ್ರೈಕರನ್ನು ನೀವು ಎಳೆದ ಗೆರೆಯಲ್ಲೇ ಮತ್ತೆ ಕೂರಿಸಿ ಬಾಗಿಲು ಹಾಕಿ ನೋಡಿ, ಕೂಡದಿದ್ದರೆ ಮಾತ್ರ ಒಂದೊಂದೇ ಮಿ.ಮೀ. ಸರಿಸಿ.