ಮೇ ತಿಂಗಳ ಪಗಾರ ಜೂನ್‌ನಲ್ಲೇ ಎತ್ತಿಡಬೇಕು

ಮುಂಬಯಿಯಲ್ಲಿ ನಮ್ಮ ಕನ್ನಡ ಸಂಘಗಳು ನಡೆಸುವ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಬರುವವರು ಸಾಮಾನ್ಯವಾಗಿ ನನ್ನಂತೆ ಪಾಠ ಮಾಡುತ್ತ ಬಂದವರು. ಬಜೆಟ್ ಓದಿ ಒಪ್ಪಿಸಬಲ್ಲೆವು. ಮೇ ತಿಂಗಳ ಪಗಾರ ಎಲ್ಲಿಂದ ಹುಟ್ಟುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಅದಕ್ಕೇ ನಾನು ನೆಚ್ಚುವುದು ಜೂನ್‌ನಿಂದ ಮೇವರೆಗಿನ ಹನ್ನೆರಡು ಕಾಲಮ್‌ಗಳ ಒಂದು ಹಾಳೆಯನ್ನು; ಯಾವ ತಿಂಗಳು ಎಷ್ಟು ದುಡ್ಡು ಬರುತ್ತದೆ, ಎಷ್ಟು ಹೋಗುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ.

ಏಡೆಡ್ (ಅನುದಾನಿತ) ವಿಭಾಗದ ಪಗಾರ ಸರಕಾರದ್ದು, ಅದನ್ನು ಈ ಹಾಳೆಗೆ ತರುವುದಿಲ್ಲ. ತಲೆನೋವು ಫೀಯಿಂದಲೇ ನಡೆಯುವ ಅನ್‌ಏಡೆಡ್‌ನದು. ಫೀ ಬರುವುದು ಅಡ್ಮಿಷನ್ ಹೊತ್ತಿಗೆ, ಉಳಿದ ಕಂತು ದೀಪಾವಳಿ ಮುಗಿದ ಮೇಲೆ, ಆಮೇಲೆ ಬರಗಾಲ. ಫೀ ಬಂದ ಕೂಡಲೇ ಯುನಿವರ್ಸಿಟಿಗೆ ಕಟ್ಟಬೇಕಾದ್ದನ್ನೂ ಮಕ್ಕಳಿಗೆ ವಾಪಸು ಕೊಡಬೇಕಾದ ಡಿಪಾಸಿಟನ್ನೂ ಬೇರೆ ಖಾತೆಗೆ ಹಾಕಿಸುತ್ತೇನೆ. ಅದು ನಮ್ಮ ದುಡ್ಡಲ್ಲ. ಉಳಿದದ್ದರಲ್ಲಿ ಎರಡು ಎಫ್‌ಡಿ: ಒಂದೊಂದು ತಿಂಗಳ ಪಗಾರದಷ್ಟು, ಏಪ್ರಿಲ್ 25ಕ್ಕೆ ಒಂದು, ಮೇ 25ಕ್ಕೆ ಇನ್ನೊಂದು ಮುಗಿಯುವಂತೆ. ಫಾರ್ಮ್‌ನಲ್ಲಿ ಆಟೋ ರಿನ್ಯೂವಲ್ ಬೇಡವೆಂದು ಗುರುತು ಹಾಕಬೇಕು. ಮರೆತರೆ ಪಗಾರದ ವಾರದಲ್ಲೇ ಹಣ ಮತ್ತೆ ಒಳಗೆ ಸೇರಿರುತ್ತದೆ.

ಸ್ಕಾಲರ್‌ಶಿಪ್ ದುಡ್ಡನ್ನು ಖಾತೆಗೆ ಬೀಳುವವರೆಗೆ ಸೊನ್ನೆ ಎಂದೇ ಬರೆಯಬೇಕು. ಪರಿಶಿಷ್ಟ ಜಾತಿಯ ಮಕ್ಕಳ ಪೋಸ್ಟ್ ಮೆಟ್ರಿಕ್ (ಹತ್ತನೆಯ ನಂತರದ ಓದಿನ) ಸ್ಕಾಲರ್‌ಶಿಪ್ ಯೋಜನೆಯಲ್ಲಿ ಕೇಂದ್ರದ 60% ಪಾಲು ನೇರ ವಿದ್ಯಾರ್ಥಿಯ ಖಾತೆಗೆ ಹೋಗುತ್ತದೆ. ಅವರು ತಂದು ಕಟ್ಟಿದರೆ ಕಾಲೇಜಿಗೆ. ಅದೂ ಆಧಾರ್ ಜೋಡಿಸಿದ ಖಾತೆಗೆ. ಹುಡುಗ ಎಂದೋ ತೆರೆದು ಮರೆತ ಖಾತೆ ಅದಾಗಿದ್ದರೆ ಹಣ ಬಂದದ್ದೇ ಅವನಿಗೆ ಗೊತ್ತಾಗುವುದಿಲ್ಲ. ಆಗಸ್ಟ್‌ನಲ್ಲೇ ಕ್ಲಾರ್ಕ್‌ನನ್ನು ಕೂರಿಸಿ ಒಬ್ಬೊಬ್ಬರದೂ ನೋಡಿಸಬೇಕು. ಮಹಾರಾಷ್ಟ್ರ ಸರಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಮಹಾಡಿಬಿಟಿಯಲ್ಲಿ ಕಾಲೇಜಿನ ಲಾಗಿನ್‌ನಲ್ಲೇ ಬಿದ್ದಿರುವ ಅರ್ಜಿಗಳನ್ನು ವಾರಕ್ಕೊಮ್ಮೆ ಎಣಿಸಿದರೆ, ಸರಕಾರವನ್ನು ಬೈಯುವ ಮುನ್ನ ನಮ್ಮ ಮೇಜಿನ ಬಾಕಿ ಎಷ್ಟೆಂದು ತಿಳಿಯುತ್ತದೆ.

2024-25ರಲ್ಲಿ ಬಿಎಂಎಸ್ (ಮ್ಯಾನೇಜ್‌ಮೆಂಟ್ ಪದವಿ) ಕೋರ್ಸು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಕೆಳಗೆ ಬಂದು ಪ್ರವೇಶಕ್ಕೆ ಸಿಇಟಿ ಬೇಕೆಂದಾಗ ಮುಂಬಯಿಯ ಹಲವು ಕಾಲೇಜುಗಳು ಕೋರ್ಸಿನ ಹೆಸರನ್ನೇ ಬದಲಿಸಿಕೊಂಡವು. ನಿಯಮ ಬದಲಾದರೆ ಮಕ್ಕಳ ಸಂಖ್ಯೆ ಏರುಪೇರಾಗಬಹುದು. ಹೀಗಾಗಿ ಪ್ರತಿ ಕೋರ್ಸಿಗೂ ಖರ್ಚು ಹುಟ್ಟಲು ಬೇಕಾದ ಕನಿಷ್ಠ ಮಕ್ಕಳ ಸಂಖ್ಯೆ ಬರೆದಿಡುವುದು ಒಳ್ಳೆಯದು. ಕ್ಲಾಸಿನ ಖರ್ಚು 9 ಲಕ್ಷ, ತಲಾ ಕೈಗುಳಿಯುವ ಫೀ 22,500 ಎಂದಾದರೆ 40 ಮಕ್ಕಳು.

ಕೆಲಸ ಬಿಡುವವರಿಗೆ ಕೊಡಬೇಕಾದ ಗ್ರಾಚ್ಯುಟಿಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. 2009ರ ತಿದ್ದುಪಡಿಯಿಂದ ಶಿಕ್ಷಕರಿಗೂ ಅದು ಹಕ್ಕು, 1997ರಿಂದಲೇ ಅನ್ವಯ. ಕೊನೆಯ ಮೂಲವೇತನ ಮತ್ತು ಡಿಎ ಸೇರಿ 52,000 ಇದ್ದರೆ, ಅದರ 15/26 ಅಂದರೆ ಸೇವೆಯ ಒಂದೊಂದು ವರ್ಷಕ್ಕೆ 30,000; 20 ವರ್ಷಕ್ಕೆ 6 ಲಕ್ಷ. ಪುಸ್ತಕದಲ್ಲಿ ಬರೀ ಪ್ರಾವಿಜನ್ (ಮುಂದೆ ಕೊಡಬೇಕಾದ್ದು) ಎಂದು ಬರೆದರೆ ಇನ್‌ಕಮ್ ಟ್ಯಾಕ್ಸ್‌ನವರು ಖರ್ಚೆಂದು ಒಪ್ಪುವುದಿಲ್ಲ, ಹಣ ಹೊರಗೆ ಹೋಗಿರಬೇಕು. ಟ್ರಸ್ಟಿನ ಆದಾಯದ 85% ಆ ವರ್ಷವೇ ಖರ್ಚಾಗಬೇಕೆಂಬ ನಿಯಮವೂ ಇದೆ. ಎಫ್‌ಡಿ ಪದ್ಧತಿ ಶುರುಮಾಡುವ ಮೊದಲ ವರ್ಷ ಮಾರ್ಚ್ 31ಕ್ಕೆ ಉಳಿಯುವ ಎರಡು ತಿಂಗಳ ಪಗಾರ ವರ್ಷದ ಪಗಾರದ ಸುಮಾರು 17%; ಆದಾಯ ಬಹುಪಾಲು ಪಗಾರಕ್ಕೇ ಹೋಗುವ ಕಡೆ ಅದು ಬಿಟ್ಟಿರುವ 15%ರ ಮಿತಿಯನ್ನು ದಾಟಬಹುದು. ಸಿಎ ಹತ್ತಿರ ಮೊದಲೇ ಕೇಳಿ.

ಇನ್ನು ಮ್ಯಾನೇಜ್‌ಮೆಂಟ್. ಹೋಟೆಲ್ ನಡೆಸಿದ ಟ್ರಸ್ಟಿಗಳಿಗೆ ಗಲ್ಲಾದ ಲೆಕ್ಕ ಬೇಗ ಹತ್ತುತ್ತದೆ; ‘ಶೆಟ್ರೇ, ಮೇ ಕಾಲಮ್ ಕೆಂಪಾಗಿದೆ’ ಅಂದರೆ ಸಾಕು, ಬಣ್ಣ ಬಳಿಯುವ ಕಾಂಟ್ರಾಕ್ಟ್ ಮುಂದೆ ಹೋಗುತ್ತದೆ. 2016ರ ಮಹಾರಾಷ್ಟ್ರ ವಿಶ್ವವಿದ್ಯಾಲಯ ಕಾಯಿದೆಯ ಪ್ರಕಾರ ಸಿಡಿಸಿ (ಕಾಲೇಜು ಅಭಿವೃದ್ಧಿ ಸಮಿತಿ) ವರ್ಷಕ್ಕೆ ನಾಲ್ಕು ಸಲವಾದರೂ ಸೇರಬೇಕು. ಹಾಳೆ ನಾಲ್ಕೂ ಸಲ ಮೇಜಿಗೆ ಬರಲಿ, ಅದರ ಮೇಲಿನ ಠರಾವಿಗೆ ಅಂದೇ ಸಹಿ ಬೀಳಲಿ.