ಗೇಮಿಂಗ್ ಪಿಸಿ: ಕಾರ್ಡ್‌ಗಿಂತ ಮೊದಲು ಗಾಳಿಯ ದಾರಿ ನೋಡಿ

ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಬಿಡಿಭಾಗ ತಂದು ಮನೆಯಲ್ಲೇ ಗೇಮಿಂಗ್ ಪಿಸಿ ಜೋಡಿಸುವವರು ಗ್ರಾಫಿಕ್ಸ್ ಕಾರ್ಡ್‌ಗಾಗಿ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಕ್ಯಾಬಿನೆಟ್ ಮಾತ್ರ ಬಣ್ಣದ ಲೈಟು ನೋಡಿ ಎತ್ತಿಕೊಂಡು ಬರುತ್ತಾರೆ. ಏಪ್ರಿಲ್‌ನಲ್ಲಿ ಆಟ ತಡವರಿಸಿದಾಗ ಬೈಗುಳ ಕಾರ್ಡ್‌ಗೆ.

ಹಂತ 1: ನಿಮ್ಮ ಮಾನಿಟರ್ ನೋಡಿ ಕಾರ್ಡ್ ಆರಿಸಿ. 1080ಪಿ (ಫುಲ್ ಎಚ್‌ಡಿ) ಪರದೆಗೆ ಆರ್‌ಟಿಎಕ್ಸ್ 4060 ಸಾಕು, 115 ವ್ಯಾಟ್‌ನ ಕಾರ್ಡ್ ಅದು. ಜೊತೆಗೆ ರೈಜೆನ್ 5 7600 ಪ್ರೊಸೆಸರ್ ಹಾಕಿ. ರ‍್ಯಾಮ್ ಒಂದೇ ಕಡ್ಡಿ ಬೇಡ, ಎರಡು ತನ್ನಿ.

ಹಂತ 2: ಎಸ್‌ಎಂಪಿಎಸ್, ಅಂದರೆ ಪಿಸಿಯ ಭಾಗಗಳಿಗೆಲ್ಲ ಕರೆಂಟು ಕೊಡುವ ಪೆಟ್ಟಿಗೆ. ದುಡ್ಡು ಬೇರೆಲ್ಲಾದರೂ ಉಳಿಸಿ, ಇಲ್ಲಿ ಬೇಡ. ಈ ಜೋಡಿಗೆ ಒಳ್ಳೆಯ 550 ವ್ಯಾಟ್ ಧಾರಾಳ. ಕ್ಯಾಬಿನೆಟ್ ಜೊತೆ ಪುಕ್ಕಟೆ ಸಿಗುವ ಎಸ್‌ಎಂಪಿಎಸ್ ಬಳಸಲೇಬೇಡಿ. ಅದು ಸುಟ್ಟರೆ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗಬಹುದು.

ಹಂತ 3: ಕ್ಯಾಬಿನೆಟ್. ಮುಂಭಾಗ ಜಾಲರಿಯೇ ಇರಲಿ. ಮುಂದೆ ಪೂರ್ತಿ ಗಾಜು ಮುಚ್ಚಿ, ಅದರ ಹಿಂದೆ ಮೂರು ಫ್ಯಾನ್ ಕೂರಿಸಿದರೆ ಅವು ಎಳೆಯಲು ಗಾಳಿ ಎಲ್ಲಿಂದ ಬರಬೇಕು? ಮುಂದೆ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಇಷ್ಟು ಸಾಕು. ಜನ ಎಡವುವುದು ದಿಕ್ಕಿನಲ್ಲಿ. ಸಾಮಾನ್ಯ ಫ್ಯಾನ್‌ನಲ್ಲಿ ರೆಕ್ಕೆ ಬಿಚ್ಚಿಕೊಂಡಿರುವ ಬದಿ ಗಾಳಿ ಎಳೆಯುತ್ತದೆ, ಪ್ಲಾಸ್ಟಿಕ್ ಕಂಬಿಗಳಿರುವ ಬದಿ ಹೊರಗೆ ಊದುತ್ತದೆ. ಸ್ಕ್ರೂ ಬಿಗಿಯುವ ಮೊದಲೇ ನೋಡಿಕೊಳ್ಳಿ. ಆನ್ ಮಾಡಿದ ಮೇಲೆ ಟಿಶ್ಯೂ ತುಂಡು ಹಿಡಿಯಿರಿ. ಜಾಲರಿಗೆ ಅಂಟಿಕೊಂಡರೆ ಗಾಳಿ ಒಳಕ್ಕೆ ಹೋಗುತ್ತಿದೆ.

ಹಂತ 4: ಪ್ರೊಸೆಸರ್ ಕೂಲರ್. 7600ರ ಡಬ್ಬಿಯಲ್ಲೇ ಒಂದು ಕೂಲರ್ ಬರುತ್ತದೆ, ಕೆಲಸ ನಡೆಯುತ್ತದೆ. ಆದರೆ ರಾಯಚೂರು, ಕಲಬುರಗಿಯ ಬೇಸಿಗೆಗೆ ಟವರ್ ಏರ್ ಕೂಲರ್ ಹಾಕಿಸಿ ಎಂದೇ ಹೇಳುತ್ತೇನೆ. ಎಷ್ಟೇ ದುಬಾರಿ ಕೂಲರ್ ಆದರೂ ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆಯೇ 38 ಡಿಗ್ರಿ ಇದ್ದರೆ ಲೆಕ್ಕ ಅಲ್ಲಿಂದಲೇ ಶುರು, ಅಲ್ವಾ? ಲಿಕ್ವಿಡ್ ಕೂಲರ್ ಈ ಚಿಪ್ಪಿಗೆ ಬೇಡವೇ ಬೇಡ. ಕೊಳ್ಳುವ ಮೊದಲು ಟವರ್‌ನ ಎತ್ತರ, ಕ್ಯಾಬಿನೆಟ್‌ನ ಮಿತಿ ಎರಡನ್ನೂ ಮಿಲಿಮೀಟರ್‌ನಲ್ಲಿ ಹೋಲಿಸಿ.

ಕೂರಿಸುವಾಗ ಕೂಲರ್ ತಳದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಿತ್ತುಹಾಕಿ. ಅದನ್ನು ಬಿಟ್ಟು ಬಿಗಿದವರು ಬಹಳ ಮಂದಿ. ಥರ್ಮಲ್ ಪೇಸ್ಟ್ ಚಿಪ್ಪಿನ ನಡುವೆ ಬಟಾಣಿ ಕಾಳಿನಷ್ಟು ಸಾಕು. ಡಬ್ಬಿಯ ಕೂಲರ್‌ನಲ್ಲಿ ಪೇಸ್ಟ್ ಮೊದಲೇ ಇರುತ್ತದೆ, ಮತ್ತೆ ಸುರಿಯಬೇಡಿ. ಒಂದು ಸ್ಕ್ರೂವನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಕೂಲರ್ ಓರೆಯಾಗುತ್ತದೆ. ಎದುರುಬದುರಿನವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬನ್ನಿ. ವೈರ್ 'ಸಿಪಿಯು ಫ್ಯಾನ್' ಎಂದು ಬರೆದಿರುವ ಪಿನ್‌ಗೇ ಹೋಗಬೇಕು.

ಹಂತ 5: ಮಾನಿಟರ್ ಕೇಬಲ್ ಮದರ್‌ಬೋರ್ಡ್‌ಗಲ್ಲ, ಕಾರ್ಡ್‌ಗೆ. ಬಯಾಸ್‌ನಲ್ಲಿ (ಪಿಸಿ ಶುರುವಾಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಎಕ್ಸ್‌ಪೋ ಆನ್ ಮಾಡಿ, ರ‍್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡಲು ಇರುವ ಆಯ್ಕೆ ಅದು.

ಹಂತ 6: ಭಾರದ ಆಟವೊಂದನ್ನು ಅರ್ಧ ಗಂಟೆ ಆಡಿ, ಎಚ್‌ಡಬ್ಲ್ಯೂಇನ್ಫೋ ಎಂಬ ತಂತ್ರಾಂಶದಲ್ಲಿ ಪ್ರೊಸೆಸರ್‌ನ ಬಿಸಿ ನೋಡಿ. ಈ ಚಿಪ್ಪಿನ ಗರಿಷ್ಠ ಮಿತಿ 95 ಡಿಗ್ರಿ. ಅದರ ಹತ್ತಿರ ಹೋಗುತ್ತಿದ್ದರೆ ಪಕ್ಕದ ಬಾಗಿಲು ತೆಗೆದು ಮತ್ತೆ ಆಡಿ. ಬಿಸಿ ಚೆನ್ನಾಗಿ ಇಳಿದರೆ ತೊಂದರೆ ಗಾಳಿಯ ದಾರಿಯಲ್ಲಿದೆ. ಇಳಿಯದಿದ್ದರೆ ಕೂಲರ್ ಬಿಚ್ಚಿ, ಹಳೆಯ ಪೇಸ್ಟ್ ಒರೆಸಿ, ಹೊಸದಾಗಿ ಕೂರಿಸಿ. ಬಾಗಿಲು ತೆಗೆದೇ ಇಡುವುದು ಪರಿಹಾರವಲ್ಲ, ಒಳಗೆಲ್ಲ ದೂಳು ತುಂಬುತ್ತದೆ. ದೂಳಿಗೆ ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಸುಮ್ನೆ ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ.